ಐದು ನಿಮಿಷಕ್ಕೊಮ್ಮೆ ಮಂಕಾಗುವ ಲಿನಕ್ಸ್‌ಗಳು: ಮೇನ್‌ಫ್ರೇಮ್ ಬಲ್ಲವರು ಯಾರಾದರೂ ಇದ್ದೀರಾ?

ಹಿನ್ನೀರು_ಅಟ್ಟ | ಮಂಗಳವಾರ, ರಾತ್ರಿ 11:20

ಕೆಲಸ ಬೆಂಗಳೂರಿನ ಕಂಪನಿಯದು, ಕುಳಿತಿರುವುದು ಸಾಗರ ಪೇಟೆಯಿಂದಾಚೆ ಹಿನ್ನೀರಿನ ಬದಿಯ ಮನೆಯ ಅಟ್ಟದಲ್ಲಿ. ಒಂಬತ್ತು ವರ್ಷ ಇಂಟೆಲ್ ಸರ್ವರ್‌ಗಳನ್ನೇ ಕಾಯ್ದುಕೊಂಡು ಬಂದವನು ನಾನು. ಕಳೆದ ದೀಪಾವಳಿ ಕಳೆದ ಮೇಲೆ ಮೇನ್‌ಫ್ರೇಮ್ ಎಂಬ ಐಬಿಎಂನ ದೈತ್ಯ ಕಂಪ್ಯೂಟರ್ ಮೇಲೆ ಓಡುವ ಲಿನಕ್ಸ್‌ಗಳ ಉಸ್ತುವಾರಿ ತಲೆಗೆ ಬಿತ್ತು. ಲಿನಕ್ಸ್ ಎಂದರೆ ಎಲ್ಲಿದ್ದರೂ ಲಿನಕ್ಸ್ ತಾನೇ ಎಂದುಕೊಂಡು ಒಪ್ಪಿಕೊಂಡೆ. ಈಗ ಒಗಟೊಂದಕ್ಕೆ ಸಿಕ್ಕಿಕೊಂಡಿದ್ದೇನೆ.

ಯಂತ್ರದ ಒಂದು ಎಲ್‌ಪಾರ್‌ನಲ್ಲಿ, ಅಂದರೆ ಪಾಲು ಮಾಡಿದ ಒಂದು ಭಾಗದಲ್ಲಿ, ಝಡ್/ವಿಎಂ ಇದೆ; ಒಂದೇ ಯಂತ್ರವನ್ನು ಹಲವು ಹುಸಿ ಯಂತ್ರಗಳಾಗಿ ಹಂಚಿಕೊಡುವ ತಂತ್ರಾಂಶ ಅದು. ಅದಕ್ಕೆ ನಾಲ್ಕು ಐಎಫ್‌ಎಲ್ ಪ್ರೊಸೆಸರ್‌ಗಳು, ಅವುಗಳ ಮೇಲೆ 48 ಲಿನಕ್ಸ್ ಗೆಸ್ಟ್‌ಗಳು, ಅಂದರೆ ಲಿನಕ್ಸ್ ಓಡುವ ಹುಸಿ ಯಂತ್ರಗಳು. ಬಳಕೆದಾರರ ದೂರು ಒಂದೇ: ಪರದೆ ಆಗಾಗ ಹದಿನೈದಿಪ್ಪತ್ತು ಸೆಕೆಂಡು ಸ್ತಬ್ಧವಾಗುತ್ತದೆ, ಆಮೇಲೆ ತಾನಾಗಿಯೇ ಸರಿಹೋಗುತ್ತದೆ. ಅಪ್ಲಿಕೇಶನ್ ಲಾಗ್ ತೆಗೆದು ಸಮಯ ಬರೆದುಕೊಂಡೆ. 10:00, 10:05, 10:10. ಗಡಿಯಾರ ನೋಡಿಕೊಂಡು ಬರುವ ಚಳಿಜ್ವರದ ಹಾಗಿದೆ. ನಮ್ಮ ಗ್ರಾಫ್‌ನಲ್ಲಿ ನೋಡಿದರೆ ಏನೂ ಇಲ್ಲ. ಸಿಪಿಯು ಬಳಕೆ ಶೇ. 20ರ ಆಸುಪಾಸಿನಲ್ಲಿ ಗೆರೆ ಎಳೆದಂತಿದೆ. ಮೆಮೊರಿ ಮಾತ್ರ ಶೇ. 90 ದಾಟಿ ಕೆಂಪಗಾಗಿತ್ತು. ಸಿಕ್ಕಿತು ಕಳ್ಳ ಎಂದು ಮುಖ್ಯ ಗೆಸ್ಟ್‌ಗಳ ಮೆಮೊರಿಯನ್ನು 8 ಜಿಬಿಯಿಂದ 12ಕ್ಕೆ ಏರಿಸಿದೆ. ಎರಡೇ ದಿನದಲ್ಲಿ ಅದೂ ಶೇ. 90 ದಾಟಿತು. ಸ್ತಬ್ಧವಾಗುವುದು ನಿಲ್ಲಲಿಲ್ಲ, ಸಾಲದೆಂಬಂತೆ ಬೆಳಗಿನ ಹೊತ್ತು ಎಲ್ಲವೂ ಇನ್ನಷ್ಟು ನಿಧಾನವಾಯಿತು.

ಝಡ್/ವಿಎಂ ನೋಡಿಕೊಳ್ಳುವುದು ಬೇರೆ ತಂಡ. ಅವರು "ನಮ್ಮ ಕಡೆ ಎಲ್ಲ ಸರಿ ಇದೆ" ಎನ್ನುತ್ತಾರೆ. ನಾನೂ ಬಳಕೆದಾರರಿಗೆ ಅದನ್ನೇ ಹೇಳುತ್ತಿದ್ದೇನೆ.

ಹಳೇ_ಟೇಪು | ಮಂಗಳವಾರ, ರಾತ್ರಿ 11:52

ನಿವೃತ್ತನಾಗಿ ಶಿವಮೊಗ್ಗದ ವಿನೋಬನಗರದಲ್ಲಿ ಕುಳಿತವನಿಗೆ ನಿದ್ದೆ ಕಡಿಮೆ, ಆದ್ದರಿಂದ ಈಗಲೇ ಬರೆಯುತ್ತೇನೆ.

ನಾಳೆ 9:59ಕ್ಕೆ ಒಂದು ಗೆಸ್ಟ್‌ನಲ್ಲಿ ಬಳಕೆಯ ಅಂಕಿ ತೋರಿಸುವ ವಿಎಂಸ್ಟಾಟ್ ಆಜ್ಞೆಯನ್ನು ಒಂದು ಸೆಕೆಂಡಿನ ಅಂತರಕ್ಕೆ ಓಡಿಸಿ ಬಿಡಿ. ಸಿಪಿಯು ಅಂಕಣಗಳಲ್ಲಿ "ಎಸ್‌ಟಿ" ಎಂದಿರುವುದರ ಮೇಲೆ ಕಣ್ಣಿಡಿ. ಸ್ಟೀಲ್, ಅಂದರೆ ಕದ್ದ ಹೊತ್ತು. ನಿಮ್ಮ ಗೆಸ್ಟ್ ಓಡಲು ತಯಾರಾಗಿ ನಿಂತಿದ್ದರೂ ಝಡ್/ವಿಎಂ ಅದಕ್ಕೆ ನಿಜವಾದ ಪ್ರೊಸೆಸರ್ ಕೊಡದೆ ಕಾಯಿಸಿದ ಸಮಯ ಅದು. ಲಿನಕ್ಸ್‌ನ ತಿರುಳಾದ ಕರ್ನಲ್‌ನ 2.6.11ನೇ ಆವೃತ್ತಿಯಿಂದ ಈ ಲೆಕ್ಕ ಸಿಗುತ್ತದೆ. ಅದಕ್ಕೂ ಮೊದಲು ಗೆಸ್ಟ್ ಒಳಗಿನ ಸಿಪಿಯು ಅಂಕಿಯನ್ನು ನಂಬುವ ಹಾಗೆಯೇ ಇರಲಿಲ್ಲ. ಪ್ರೊಸೆಸರ್ ಪಕ್ಕದವನ ಬಳಿ ಇದ್ದ ಹೊತ್ತನ್ನೂ ಲಿನಕ್ಸ್ ತನ್ನ ಖರ್ಚೆಂದೇ ಬರೆದುಕೊಳ್ಳುತ್ತಿತ್ತು.

ಭದ್ರಾ ನಾಲೆಯ ಕೊನೆಯ ತೂಬಿನಲ್ಲಿ ನಿಂತ ರೈತನಿಗೆ ತನ್ನ ಗದ್ದೆ ಒಣಗಿದ್ದು ಕಾಣುತ್ತದೆ. ಮೇಲೆ ಯಾರು ನೀರು ತಿರುಗಿಸಿಕೊಂಡರು ಎನ್ನುವುದು ಕಾಣುವುದಿಲ್ಲ. ಅಣೆಕಟ್ಟೆಯ ಎಂಜಿನಿಯರನಿಗೆ ಜಲಾಶಯದ ಮಟ್ಟ ಗೊತ್ತು, ಈ ಗದ್ದೆ ಗೊತ್ತಿಲ್ಲ. ನೀವು ಮತ್ತು ನಿಮ್ಮ ಝಡ್/ವಿಎಂ ತಂಡ ಇರುವುದು ಹಾಗೆ. ಇಬ್ಬರ ಪುಸ್ತಕವನ್ನೂ ಒಂದೇ ಮೇಜಿನ ಮೇಲೆ ಬಿಚ್ಚಿ ಇಡದೆ ಈ ಊರಿನ ವ್ಯಾಜ್ಯ ಬಗೆಹರಿಯುವುದಿಲ್ಲ.

ಇನ್ನೊಂದು ಮಾತು. ಏರಿಸಿದ ಮೆಮೊರಿಯನ್ನು ಇಳಿಸಿ. ಇಂದೇ.

ಮೋಡ_ಬಿತ್ತನೆ | ಬುಧವಾರ, ಬೆಳಿಗ್ಗೆ 7:15

ಕೇಳುವುದಕ್ಕೆ ಬೇಸರವಾಗಬಹುದು, ಆದರೂ ಕೇಳುತ್ತೇನೆ. ಐಬಿಎಂನ ಸಿಸ್ಟಂ/360 ಮೇನ್‌ಫ್ರೇಮ್ ಬಂದದ್ದು 1964ರಲ್ಲಿ. ಆ ವಂಶದ ಯಂತ್ರದ ಮೇಲೆ 2020ರ ದಶಕದಲ್ಲಿ ಲಿನಕ್ಸ್ ಸಾಕುವ ಹಟ ಏಕೆ? ಈ 48 ಗೆಸ್ಟ್‌ಗಳನ್ನು ಕ್ಲೌಡ್‌ಗೆ ಒಯ್ದರೆ ಕದ್ದ ಹೊತ್ತೂ ಇಲ್ಲ, ನಾಲೆಯ ಜಗಳವೂ ಇಲ್ಲ.

ಮಂಡಗದ್ದೆ_ಬೆಳ್ಳಕ್ಕಿ | ಬುಧವಾರ, ಬೆಳಿಗ್ಗೆ 8:40

ಕ್ಲೌಡ್‌ನಲ್ಲಿಯೂ ಸ್ಟೀಲ್ ಇದೆ, ಸ್ವಾಮಿ. ಅಲ್ಲಿ ಮೇಲಿನ ಪುಸ್ತಕವನ್ನು ನಿಮಗೆ ತೋರಿಸುವುದಿಲ್ಲ, ಅಷ್ಟೇ ವ್ಯತ್ಯಾಸ.

ಏಕೆ ಎಂಬ ಪ್ರಶ್ನೆಗೆ ನನ್ನ ಅನುಭವದ ಉತ್ತರ: ದತ್ತಾಂಶ ಎಲ್ಲಿದೆಯೋ ಅಲ್ಲಿಗೇ ಅಪ್ಲಿಕೇಶನ್ ಹೋಗುವುದು ಲೇಸು. ನಮ್ಮಲ್ಲಿ ಲೆಕ್ಕದ ಪುಸ್ತಕಗಳೆಲ್ಲ ಮೇನ್‌ಫ್ರೇಮ್‌ನ ಮುಖ್ಯ ಕಾರ್ಯಾಚರಣಾ ವ್ಯವಸ್ಥೆಯಾದ ಝಡ್/ಓಎಸ್‌ನ ಡಿಬಿ2 ಡೇಟಾಬೇಸ್‌ನಲ್ಲಿವೆ. ಅದೇ ಪೆಟ್ಟಿಗೆಯ ಪಕ್ಕದ ಎಲ್‌ಪಾರ್‌ನಲ್ಲಿರುವ ಲಿನಕ್ಸ್, ಹೈಪರ್‌ಸಾಕೆಟ್ ಮೂಲಕ ಅದರೊಂದಿಗೆ ಮಾತಾಡುತ್ತದೆ. ಕೇಬಲ್ ಇಲ್ಲ, ಸ್ವಿಚ್ ಇಲ್ಲ, ಮೆಮೊರಿಯಿಂದ ಮೆಮೊರಿಗೆ ನೇರ ದಾಟು. ಐಎಫ್‌ಎಲ್ ಎನ್ನುವುದು ಲಿನಕ್ಸ್‌ಗೆಂದೇ ಮೀಸಲಾದ ಪ್ರೊಸೆಸರ್, ಅದರ ಮೇಲೆ ಝಡ್/ಓಎಸ್ ಓಡುವುದಿಲ್ಲ. ಹಾಗಾಗಿ ಎಷ್ಟು ಐಎಫ್‌ಎಲ್ ಸೇರಿಸಿದರೂ ಝಡ್/ಓಎಸ್ ತಂತ್ರಾಂಶದ ಪರವಾನಗಿ ಬಿಲ್ಲು ಏರುವುದಿಲ್ಲ. ಲೆಕ್ಕ ವಿಭಾಗದವರಿಗೆ ಅರ್ಥವಾಗುವ ವಾದ ಇದೊಂದೇ. ವಂಶ ಹಳೆಯದು ನಿಜ, ಆದರೆ 2022ರ ಝಡ್16 ಮೇನ್‌ಫ್ರೇಮ್‌ನಲ್ಲಿ 200 ಕೋರ್, 40 ಟಿಬಿ ಮೆಮೊರಿಯವರೆಗೆ ಹೋಗಬಹುದು. 2015ರಿಂದ ಲಿನಕ್ಸ್ ಒಂದನ್ನೇ ಓಡಿಸುವ ಲಿನಕ್ಸ್‌ಒನ್ ಎಂಬ ತಳಿಯೂ ಇದೆ.

ಮೂರು ವೆಬ್ ಸರ್ವರ್ ಇಟ್ಟುಕೊಂಡವರು ಇದನ್ನು ಕೊಳ್ಳುವುದು, ಒಂದು ಮೂಟೆ ಅಡಿಕೆ ಸಾಗಿಸಲು ಗೂಡ್ಸ್ ರೈಲು ಗೊತ್ತುಮಾಡಿದ ಹಾಗೆ. ಅದನ್ನೂ ಒಪ್ಪುತ್ತೇನೆ.

ಹಿನ್ನೀರು_ಅಟ್ಟ | ಬುಧವಾರ, ಬೆಳಿಗ್ಗೆ 10:31

ಹಳೇ ಟೇಪು ಅವರೇ, ನೋಡಿದೆ. 9:59:58ರವರೆಗೆ ಎಸ್‌ಟಿ ಅಂಕಣದಲ್ಲಿ 0, 1, 0, 2. ಗಂಟೆ 10 ಆಗುತ್ತಿದ್ದಂತೆ 41, 55, 58, 52. ಹದಿನೆಂಟನೇ ಸೆಕೆಂಡಿಗೆ ಮತ್ತೆ 3, 1, 0. ಅಷ್ಟು ವರ್ಷ ವಿಎಂಸ್ಟಾಟ್ ನೋಡಿದ್ದೇನೆ, ಆ ಅಂಕಣದಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಕಂಡದ್ದೇ ಇಲ್ಲ.

ಕೂಡಲೇ ಝಡ್/ವಿಎಂ ತಂಡಕ್ಕೆ ಫೋನ್ ಮಾಡಿ ಸಿಪಿಯ (ಝಡ್/ವಿಎಂನ ತಿರುಳು) ಇಂಡಿಕೇಟ್ ಲೋಡ್ ಆಜ್ಞೆ ಕೊಡಿಸಿದೆ. ಸರಾಸರಿ ಪ್ರೊಸೆಸರ್ ಬಳಕೆ ಶೇ. 31 ಎಂದು ಬಂತು. "ನೋಡಿದಿರಾ, ಮೂರರಲ್ಲಿ ಎರಡು ಪಾಲು ಖಾಲಿ ಇದೆ" ಎಂದರು. ಖಾಲಿ ಇದ್ದರೆ ಕದ್ದವರು ಯಾರು?

ಹಳೇ_ಟೇಪು | ಬುಧವಾರ, ಮಧ್ಯಾಹ್ನ 12:10

ಇಂಡಿಕೇಟ್ ಲೋಡ್ ತೋರಿಸುವುದು ಆ ಗಳಿಗೆಯ ಅಂಕಿಯನ್ನಲ್ಲ, ಹಿಂದಿನ ಕೆಲವು ನಿಮಿಷಗಳನ್ನು ಸೇರಿಸಿ ನಯಗೊಳಿಸಿದ ಸರಾಸರಿಯನ್ನು. ದಿನಕ್ಕೊಮ್ಮೆ ಮಳೆಮಾಪಕ ಓದುವವನಿಗೆ ನಾಲ್ಕು ಗಂಟೆಗೆ ಹೊಡೆದ ಜಡಿಮಳೆ ಗೊತ್ತಾಗುತ್ತದೆಯೇ? ನಿಮ್ಮ ಗ್ರಾಫ್‌ನದೂ ಅದೇ ಕಥೆ. ಹದಿನೆಂಟು ಸೆಕೆಂಡು ನಾಲ್ಕೂ ಪ್ರೊಸೆಸರ್ ತುಂಬಿ ತುಳುಕಿದರೂ 300 ಸೆಕೆಂಡಿನ ಸರಾಸರಿಗೆ ಅದು ಕೂಡಿಸುವುದು ಶೇ. 6 ಮಾತ್ರ.

ಝಡ್/ವಿಎಂ ಮಾನಿಟರ್‌ನ ಸ್ಯಾಂಪಲ್ ಅಂತರ ಮಾಮೂಲಿಯಾಗಿ ಒಂದು ನಿಮಿಷ. ಅರ್ಧ ಗಂಟೆಯ ಮಟ್ಟಿಗೆ ಅದನ್ನು ಹದಿನೈದು ಸೆಕೆಂಡಿಗೆ ಇಳಿಸಲು ಹೇಳಿ. ಆಮೇಲೆ ಪರ್ಫಾರ್ಮೆನ್ಸ್ ಟೂಲ್‌ಕಿಟ್‌ನಲ್ಲಿ ಗೆಸ್ಟ್‌ವಾರು ಪಟ್ಟಿ ತೆಗೆಸಿ. ಕಳ್ಳ ಒಬ್ಬನೇ ಆಗಿದ್ದರೆ ಪಟ್ಟಿಯ ತಲೆಯಲ್ಲಿ ಕುಳಿತಿರುತ್ತಾನೆ.

ಮೆಮೊರಿ ಏಕೆ ಇಳಿಸಬೇಕು ಎಂದು ಖಾಸಗಿಯಾಗಿ ಕೇಳಿದ್ದೀರಿ, ಎಲ್ಲರಿಗೂ ಬೇಕಾದದ್ದು, ಇಲ್ಲೇ ಹೇಳುತ್ತೇನೆ. ಲಿನಕ್ಸ್‌ಗೆ ಎಷ್ಟು ಮೆಮೊರಿ ಕೊಟ್ಟರೂ ಉಳಿದದ್ದನ್ನೆಲ್ಲ ಕಡತಗಳ ಕ್ಯಾಶ್ ಮಾಡಿಕೊಂಡು ತುಂಬಿಸಿಬಿಡುತ್ತದೆ. ಯಂತ್ರ ಪೂರ್ತಿ ಅದರದ್ದೇ ಆಗಿದ್ದಾಗ ಅದು ಜಾಣತನ. ಇಲ್ಲಿ 48 ಗೆಸ್ಟ್‌ಗಳಿಗೆ ಹಂಚಿದ ಒಟ್ಟು ಮೆಮೊರಿ ನಿಜವಾದ ಮೆಮೊರಿಗಿಂತ ಹೆಚ್ಚಿರುತ್ತದೆ. ಎಲ್ಲರೂ ಒಟ್ಟಿಗೆ ಕೇಳುವುದಿಲ್ಲ ಎಂಬ ಭರವಸೆಯ ಮೇಲೆ ನಡೆಯುವ ಸಂಸಾರ ಇದು. ಪ್ರತಿಯೊಬ್ಬನೂ ಉಗ್ರಾಣ ತುಂಬಿಸಿಟ್ಟುಕೊಂಡರೆ ಝಡ್/ವಿಎಂ ಮೆಮೊರಿಯ ಪುಟಗಳನ್ನು ಡಿಸ್ಕ್‌ಗೆ ಎತ್ತಿ ಹಾಕಲೇಬೇಕು. ನಿಮ್ಮ ಬೆಳಗಿನ ನಿಧಾನಕ್ಕೆ ಅದೇ ಕಾರಣ ಎಂದು ನನ್ನ ಅಂದಾಜು. ರಾತ್ರಿ ಸುಮ್ಮನಿದ್ದ ಗೆಸ್ಟ್‌ಗಳ ಪುಟಗಳು ಹೊರಗೆ ಹೋಗಿರುತ್ತವೆ, ಬೆಳಿಗ್ಗೆ ಎಲ್ಲವನ್ನೂ ಒಟ್ಟಿಗೆ ವಾಪಸು ಕರೆಯುತ್ತಾರೆ.

ನಾವು ಪಾಲಿಸುತ್ತಿದ್ದ ಪದ್ಧತಿ: ಗೆಸ್ಟ್‌ನ ಮೆಮೊರಿಯನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತ ಹೋಗುವುದು, ಅದು ವಿಡಿಸ್ಕ್ ಮೇಲಿನ ಸ್ವಾಪ್ ಅನ್ನು (ಮೆಮೊರಿ ಸಾಲದಾಗ ಬಳಸುವ ಜಾಗ) ತುಸು ಮುಟ್ಟಲು ಶುರುಮಾಡಿದಾಗ ನಿಲ್ಲಿಸುವುದು. ವಿಡಿಸ್ಕ್ ಎಂದರೆ ಮೆಮೊರಿಯಲ್ಲೇ ಇರುವ ಹುಸಿ ಡಿಸ್ಕ್. ಮುಟ್ಟುವವರೆಗೆ ಜಾಗ ತಿನ್ನುವುದಿಲ್ಲ. ಸ್ವಾಪ್ ಕಂಡರೆ ಬೆಚ್ಚುವ ಇಂಟೆಲ್ ಅಭ್ಯಾಸವನ್ನು ಘಟ್ಟದ ಕೆಳಗೇ ಬಿಟ್ಟು ಬನ್ನಿ. "ಮೆಮೊರಿ ಶೇ. 90" ಎಂಬ ಎಚ್ಚರಿಕೆ ಗಂಟೆಯನ್ನೂ ಕಿತ್ತುಹಾಕಿ.

ಇನ್ವರ್ಟರ್_ಬ್ಯಾಟರಿ | ಬುಧವಾರ, ರಾತ್ರಿ 9:25

ವಿಷಯಾಂತರ, ಆದರೆ ಮಲೆನಾಡಿನಿಂದ ಕೆಲಸ ಮಾಡುವವರು ತಿಳಿದಿರಲಿ. ಹಿಂದಿನ ಆಷಾಢ, ತೀರ್ಥಹಳ್ಳಿ. ಮೂರು ದಿನದಿಂದ ಬಿಡದ ಮಳೆ. ನೆಟ್‌ವರ್ಕ್ ಕೆಟ್ಟ ಒಂದು ಗೆಸ್ಟ್‌ಗೆ ಸಿ3270 ಎಂಬ ಟರ್ಮಿನಲ್ ತಂತ್ರಾಂಶ ಬಳಸಿ ಝಡ್/ವಿಎಂ ಕನ್ಸೋಲ್‌ನಿಂದ ಹೊಕ್ಕಿದ್ದೆ. ಕರೆಂಟು ಹೋಯಿತು, ಇನ್ವರ್ಟರ್ ಹಿಡಿಯುವಷ್ಟರಲ್ಲಿ ರೂಟರ್ ಸತ್ತು ಹುಟ್ಟಿತು. ಮತ್ತೆ ಲಾಗಿನ್ ಆದಾಗ ಪರದೆಯ ಬಲಮೂಲೆಯಲ್ಲಿ "ಸಿಪಿ ರೀಡ್" ಎಂದು ಬಂದು ನಿಂತಿತ್ತು. ಏನು ಒತ್ತಿದರೂ ಲಿನಕ್ಸ್ ಉತ್ತರಿಸುತ್ತಿಲ್ಲ. ಹೊರಗೆ ಬಂದು ಮತ್ತೆ ಹೋಗೋಣ ಎಂದುಕೊಂಡು ಲಾಗಾಫ್ ಎಂದು ಹೊಡೆದೆ.

ಸಾಮಾನ್ಯ ಲಿನಕ್ಸ್‌ನಲ್ಲಿ ಲಾಗಾಫ್ ಎಂದರೆ ಮನೆಯಿಂದ ಹೊರಗೆ ಬರುವುದು. ಝಡ್/ವಿಎಂ ಕನ್ಸೋಲ್‌ನಲ್ಲಿ ಮನೆಯನ್ನೇ ಕೆಡವುವುದು. ಗೆಸ್ಟ್ ಒಳಗಿನ ಲಿನಕ್ಸ್‌ಗೆ ಒಂದು ಮಾತೂ ಹೇಳದೆ, ಪ್ಲಗ್ ಕಿತ್ತ ಹಾಗೆ, ಅದು ಇಲ್ಲವಾಯಿತು. ನಿಂತ ಲಿನಕ್ಸ್ ಮತ್ತೆ ಓಡಲು ನಾನು ಹೊಡೆಯಬೇಕಿದ್ದದ್ದು ಬಿಗಿನ್. ಹೊರಬರುವುದಕ್ಕೆ ಡಿಸ್ಕನೆಕ್ಟ್. ಸೆಟ್ ರನ್ ಆನ್ ಎಂದು ಮೊದಲೇ ಹಾಕಿದ್ದರೆ ಗೆಸ್ಟ್ ಸಿಪಿ ರೀಡ್‌ನಲ್ಲಿಯೂ ಓಡುತ್ತಲೇ ಇರುತ್ತಿತ್ತು. ಡೇಟಾಬೇಸ್ ಚೇತರಿಸಿಕೊಳ್ಳುವ ನಲವತ್ತು ನಿಮಿಷ ನಾನು ಹಂಚಿನ ಮೇಲೆ ಬೀಳುವ ಮಳೆ ಎಣಿಸಿದೆ. ಈಗ ಮಾನಿಟರ್ ಅಂಚಿಗೆ ಚೀಟಿ ಅಂಟಿಸಿದ್ದೇನೆ.

ಕೊನೇ_ಬೆಂಚು | ಬುಧವಾರ, ರಾತ್ರಿ 10:02

ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೇನೆ. ಇಲ್ಲಿ ಬರೆದದ್ದರಲ್ಲಿ ಅರ್ಧ ಅರ್ಥವಾಗಲಿಲ್ಲ, ಆದರೂ ಬಿಡದೆ ಓದಿದೆ. ಕೋಟಿಗಟ್ಟಲೆ ಬೆಲೆಯ ಯಂತ್ರವನ್ನು ಮುಟ್ಟದೆ ಇದನ್ನು ಕಲಿಯಲು ದಾರಿ ಇದೆಯೇ?

ಹಳೇ_ಟೇಪು | ಬುಧವಾರ, ರಾತ್ರಿ 10:48

ಇದೆ, ಮತ್ತು ನನ್ನ ಕಾಲಕ್ಕಿಂತ ಎಷ್ಟೋ ಸುಲಭ. ಮೇನ್‌ಫ್ರೇಮ್ ಅನ್ನು ಅನುಕರಿಸುವ ಹರ್ಕ್ಯುಲಿಸ್ ಎಂಬ ಎಮ್ಯುಲೇಟರ್ 1999ರಿಂದ ಇದೆ, ಮುಕ್ತ ತಂತ್ರಾಂಶ. ಕ್ಯೂಎಮು ಕೂಡ ಎಸ್390ಎಕ್ಸ್, ಅಂದರೆ ಮೇನ್‌ಫ್ರೇಮ್ ಮಾದರಿಯ, ಯಂತ್ರವನ್ನು ಅನುಕರಿಸುತ್ತದೆ. ಡೆಬಿಯನ್ ಲಿನಕ್ಸ್‌ನ ಎಸ್390ಎಕ್ಸ್ ಆವೃತ್ತಿ ಇಳಿಸಿಕೊಂಡು ಹಾಕಿ. ನಿಜವಾದ ಯಂತ್ರವೇ ಬೇಕೆಂದರೆ ಲಿನಕ್ಸ್‌ಒನ್ ಕಮ್ಯುನಿಟಿ ಕ್ಲೌಡ್‌ನಲ್ಲಿ 120 ದಿನಕ್ಕೆ ಒಂದು ಗೆಸ್ಟ್ ಉಚಿತವಾಗಿ ಕೊಡುತ್ತಾರೆ. ಹರ್ಕ್ಯುಲಿಸ್ ಮೇಲೆ ಝಡ್/ಓಎಸ್ ಹಾಕುವ ಆಸೆ ಮಾತ್ರ ಬೇಡ, ಪರವಾನಗಿ ಒಪ್ಪುವುದಿಲ್ಲ.

ಲಿನಕ್ಸ್ ಬಂದ ಬಳಿಕ ಎಸ್390-ಟೂಲ್ಸ್ ಎಂಬ ತಂತ್ರಾಂಶ ಪೊಟ್ಟಣದ ಆಜ್ಞೆಗಳ ಕೈಪಿಡಿ ಓದಿ. ಎಲ್‌ಎಸ್‌ಡಿಎಎಸ್‌ಡಿ ಡಿಸ್ಕ್ ತೋರಿಸುತ್ತದೆ, ಸಿಎಚ್‌ಸಿಸಿಡಬ್ಲ್ಯುಡೆವ್ ಸಾಧನವನ್ನು ಎಬ್ಬಿಸುತ್ತದೆ. ವಿಎಂಸಿಪಿ ಲಿನಕ್ಸ್ ಒಳಗಿಂದಲೇ ಝಡ್/ವಿಎಂಗೆ ಮಾತು ಮುಟ್ಟಿಸುತ್ತದೆ, ಆದರೆ ಅದಕ್ಕೆ ಕೆಳಗೆ ಝಡ್/ವಿಎಂ ಇರಬೇಕು. ಹೈಪ್‌ಟಾಪ್ ಎನ್ನುವುದು ಟಾಪ್ ಆಜ್ಞೆಯ ಅಣ್ಣ. ತಕ್ಕ ಹಕ್ಕು ಕೊಟ್ಟರೆ ಎಲ್ಲ ಗೆಸ್ಟ್‌ಗಳ ಪಟ್ಟಿಯನ್ನು ಒಂದೇ ಪರದೆಯಲ್ಲಿ ತೋರಿಸುತ್ತದೆ.

ಹಿನ್ನೀರು_ಅಟ್ಟ | ಗುರುವಾರ, ಸಂಜೆ 6:05

ಸಿಕ್ಕಿತು. ನಗಬೇಡಿ.

ಪಟ್ಟಿಯ ತಲೆಯಲ್ಲಿ ಒಬ್ಬ ಕಳ್ಳನೂ ಇರಲಿಲ್ಲ. 48 ಗೆಸ್ಟ್‌ಗಳೂ ಒಂದೇ ಸೆಕೆಂಡಿನಲ್ಲಿ ಎದ್ದು, ಒಬ್ಬೊಬ್ಬರೂ ಒಂದೂವರೆ ಸೆಕೆಂಡಿನಷ್ಟು ಪ್ರೊಸೆಸರ್ ತಿಂದು ಮಲಗುತ್ತಿದ್ದವು. ಲೆಕ್ಕ ಹಾಕಿ: 48ನ್ನು ಒಂದೂವರೆಯಿಂದ ಗುಣಿಸಿದರೆ 72 ಸೆಕೆಂಡು, ನಾಲ್ಕು ಪ್ರೊಸೆಸರ್‌ಗೆ ಹಂಚಿದರೆ ಹದಿನೆಂಟು. ವಿಎಂಸ್ಟಾಟ್‌ನಲ್ಲಿ ಕಂಡ ಹದಿನೆಂಟು ಇದೇ. ಒಂದೊಂದು ಗೆಸ್ಟ್ ಒಳಗೆ ನೋಡಿದರೆ 300 ಸೆಕೆಂಡಿಗೆ ಒಂದೂವರೆ, ಅಂದರೆ ಶೇ. ಅರ್ಧ. ಯಾರ ಕಣ್ಣಿಗೆ ಬೀಳಬೇಕು?

ಎಬ್ಬಿಸುತ್ತಿದ್ದದ್ದು ಯಾರು ಎಂದು ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ನ ಪಟ್ಟಿ ತೆರೆದೆ. ಸಾಲಿನ ಮೊದಲಿಗೆ */5, ಅಂದರೆ ಐದು ನಿಮಿಷಕ್ಕೊಮ್ಮೆ, ಎದುರಿಗೆ ನಮ್ಮ ತಂಡದ್ದೇ ಮಾನಿಟರಿಂಗ್ ಸ್ಕ್ರಿಪ್ಟ್. ಹಳೆಯ ಇಂಟೆಲ್ ಸರ್ವರ್‌ಗಳಿಂದ ನಾನೇ ತಂದು ಹಾಕಿದ್ದು. ಅದರಲ್ಲಿ ಅರವತ್ತಕ್ಕೂ ಹೆಚ್ಚು ಪಿಎಸ್, ಗ್ರೆಪ್, ಆಕ್ ಆಜ್ಞೆಗಳ ಸರಪಳಿ. ಕೊನೆಗೆ, ಭದ್ರತಾ ವಿಭಾಗದವರು ಕೇಳಿದರೆಂದು ಸೇರಿಸಿದ ಸಾಲೊಂದು, ಸ್ಥಾಪಿತವಾದ ಎಲ್ಲ ಪೊಟ್ಟಣಗಳ ಪಟ್ಟಿಯನ್ನು ಐದೈದು ನಿಮಿಷಕ್ಕೂ ತೆಗೆಯುತ್ತದೆ. ಐದು ನಿಮಿಷದಲ್ಲಿ ಯಾವ ಪೊಟ್ಟಣ ಬದಲಾಗುತ್ತದೆ ಎಂದು ಅಂದು ನನಗೆ ಹೊಳೆಯಲಿಲ್ಲ.

ಬೇಲಿಯೇ ಎದ್ದು ಹೊಲ ಮೇಯ್ದಿದೆ. ಬೇಲಿ ಹಾಕಿದವನು ನಾನು.

ಮಂಡಗದ್ದೆ_ಬೆಳ್ಳಕ್ಕಿ | ಗುರುವಾರ, ಸಂಜೆ 6:40

ಇದೇ ಸ್ಕ್ರಿಪ್ಟ್ ಇಂಟೆಲ್‌ನಲ್ಲಿ ಏಕೆ ತಂಟೆ ಮಾಡಲಿಲ್ಲ ಎನ್ನುವುದು ಇದರ ಸ್ವಾರಸ್ಯ. ಅಲ್ಲಿ 48 ಪೆಟ್ಟಿಗೆ, ಒಂದೊಂದಕ್ಕೂ ತನ್ನದೇ ಪ್ರೊಸೆಸರ್. ಎಲ್ಲರೂ ಒಟ್ಟಿಗೆ ಎದ್ದರೂ ಯಾರೂ ಯಾರಿಗೂ ಅಡ್ಡ ಬರುವುದಿಲ್ಲ. ಇಲ್ಲಿ ಪ್ರೊಸೆಸರ್ ನಾಲ್ಕೇ, ಎಲ್ಲ ಗೆಸ್ಟ್‌ಗಳು ಓದುವುದು ಅದೇ ಯಂತ್ರದ ಟಿಓಡಿ ಗಡಿಯಾರವನ್ನು. ಒಂದು ಚೂರೂ ಹಿಂದುಮುಂದಾಗದೆ ಒಟ್ಟಿಗೆ ಬಾಗಿಲಿಗೆ ಬರುತ್ತವೆ.

ನಿಮ್ಮ ಡೇಟಾಬೇಸ್ ಗೆಸ್ಟ್‌ನ ಷೇರ್ ಎಷ್ಟಿದೆ ನೋಡಿ. ಸುಮ್ಮನೆ ಬಿಟ್ಟಿದ್ದರೆ ರಿಲೇಟಿವ್ 100 ಇರುತ್ತದೆ. ಅದು ಇಡೀ ಗೆಸ್ಟ್‌ನ ಪಾಲು. ಗೆಸ್ಟ್‌ಗೆ ನಾಲ್ಕು ಹುಸಿ ಪ್ರೊಸೆಸರ್ ಕೊಟ್ಟಿದ್ದರೆ ಒಂದೊಂದಕ್ಕೆ ಬರುವುದು 25. ಒಂದೇ ಪ್ರೊಸೆಸರ್ ಇರುವ ಪರೀಕ್ಷಾ ಗೆಸ್ಟ್ 100 ಇಟ್ಟುಕೊಂಡು ಮುಂದೆ ನಿಲ್ಲುತ್ತದೆ. ದೊಡ್ಡವನಿಗೆ ಹೆಚ್ಚು ತಟ್ಟೆ ಕೊಟ್ಟು ಅನ್ನ ಅಷ್ಟೇ ಬಡಿಸಿದ ಹಾಗೆ.

ಹಳೇ_ಟೇಪು | ಗುರುವಾರ, ರಾತ್ರಿ 8:30

ನಾಚಿಕೊಳ್ಳಬೇಡಿ, ಈ ಬೇಲಿ ನಮ್ಮ ಕಾಲದಲ್ಲೂ ಮೇಯ್ದಿದೆ. 1999ರ ಡಿಸೆಂಬರ್‌ನಲ್ಲಿ ಐಬಿಎಂ ತನ್ನ ಆಗಿನ ಮೇನ್‌ಫ್ರೇಮ್ ಎಸ್/390ರ ಲಿನಕ್ಸ್ ತೇಪೆಗಳನ್ನು (ಕರ್ನಲ್‌ಗೆ ತಿದ್ದುಪಡಿಗಳು) ಹೊರಗೆ ಬಿಟ್ಟಿತು, ಒಂದೆರಡು ವರ್ಷಕ್ಕೆ ನಾವೂ ಹಾಕಿ ನೋಡಿದೆವು. ಯಾರೂ ಬಳಸದ ಇಪ್ಪತ್ತು ಗೆಸ್ಟ್‌ಗಳನ್ನು ಎಬ್ಬಿಸಿ ಇಟ್ಟರೆ ಸಾಕು, ಝಡ್/ವಿಎಂ ಏದುಸಿರು ಬಿಡುತ್ತಿತ್ತು. ಕಾರಣ, ಆಗಿನ ಕರ್ನಲ್ ಕೆಲಸ ಇರಲಿ ಬಿಡಲಿ ಸೆಕೆಂಡಿಗೆ ನೂರು ಸಲ ಎದ್ದು ಗಡಿಯಾರ ನೋಡುತ್ತಿತ್ತು. ಝಡ್/ವಿಎಂ ಕಣ್ಣಿಗೆ ಅದು ಎಂದಿಗೂ ನಿದ್ದೆ ಮಾಡದ ಗೆಸ್ಟ್. ಅದರ ಮೆಮೊರಿಯನ್ನು ಬೇರೆಯವರಿಗೆ ಕೊಡಲೂ ಧೈರ್ಯವಿಲ್ಲ. ಬೇಕಾದಾಗ ಮಾತ್ರ ಏಳುವ ಟೈಮರ್ ಬಂದ ಮೇಲೆ ಉಸಿರಾಡಿದೆವು. 1972ರಿಂದ ವಿಎಂ ನಂಬಿಕೊಂಡು ಬಂದದ್ದು ಇಷ್ಟೇ: ಕೆಲಸವಿಲ್ಲದವನು ಮಲಗಿರುತ್ತಾನೆ. ಕ್ಷೇಮವೇ ಎಂದು ಕೇಳಲು ಮಲಗಿದವನನ್ನು ಎಬ್ಬಿಸುವ ಮಾನಿಟರಿಂಗ್ ಇಲ್ಲಿ ಹೊಂದುವುದಿಲ್ಲ.

ಆಪಲ್‌ಡೇಟಾ ಎಂಬ ಕರ್ನಲ್ ಘಟಕಗಳಿವೆ: ಮೆಮೊರಿಗೆ ಒಂದು, ಓಎಸ್‌ಗೆ ಒಂದು, ನೆಟ್‌ವರ್ಕ್ ಮೊತ್ತಕ್ಕೆ ಒಂದು. ಇವು ಅಂಕಿಗಳನ್ನು ಒಂದು ಬಫರ್‌ನಲ್ಲಿ ಬರೆದಿಡುತ್ತವೆ, ಝಡ್/ವಿಎಂ ಮಾನಿಟರ್ ತಾನೇ ಬಂದು ಎತ್ತಿಕೊಂಡು ಹೋಗುತ್ತದೆ. ಝಡ್/ವಿಎಂನಲ್ಲಿರುವ ಗೆಸ್ಟ್‌ನ ಡೈರೆಕ್ಟರಿ ನಮೂದಿನಲ್ಲಿ ಆಪಲ್‌ಮಾನ್ ಆಯ್ಕೆ ಕೊಟ್ಟಿರಬೇಕು. ಇದರ ಸೊಗಸು ಎಲ್ಲಿದೆ ಎಂದರೆ, ಅಂತರವನ್ನು ಎಣಿಸುವುದು ಗೋಡೆ ಗಡಿಯಾರದಿಂದಲ್ಲ, ಗೆಸ್ಟ್ ನಿಜವಾಗಿ ಖರ್ಚು ಮಾಡಿದ ಸಿಪಿಯು ಹೊತ್ತಿನಿಂದ. ಮಲಗಿದ ಗೆಸ್ಟ್ ಏಳುವುದೇ ಇಲ್ಲ. ಹಾಳೆ ಖಾಲಿ ಇದ್ದರೆ ಮಲಗಿದ್ದಾನೆ ಎಂದು ಅರ್ಥ, ಸತ್ತಿದ್ದಾನೆ ಎಂದಲ್ಲ. ನಿಮ್ಮ ಎಚ್ಚರಿಕೆ ಗಂಟೆಗಳಿಗೆ ಈ ವ್ಯತ್ಯಾಸ ಕಲಿಸಬೇಕು, ಅದೊಂದು ದೊಡ್ಡ ಕೆಲಸ.

ಮೋಡ_ಬಿತ್ತನೆ | ಗುರುವಾರ, ರಾತ್ರಿ 9:12

ನಮ್ಮ ಕ್ಲೌಡ್ ಗೆಸ್ಟ್‌ಗಳಲ್ಲಿ ಎಸ್‌ಟಿ ಅಂಕಣ ನೋಡಿ ಬಂದೆ. 14 ಇದೆ. ಯಾರನ್ನು ಕೇಳುವುದು ಎಂದು ಗೊತ್ತಾಗಲಿಲ್ಲ. ಬೆಳ್ಳಕ್ಕಿಯವರ ಮಾತನ್ನು ಹಿಂತಿರುಗಿ ಓದುತ್ತಿದ್ದೇನೆ.

ಕೊನೇ_ಬೆಂಚು | ಶನಿವಾರ, ರಾತ್ರಿ 11:15

ಹರ್ಕ್ಯುಲಿಸ್ ಮೇಲೆ ಡೆಬಿಯನ್ ಬಂತು! ಸಂಜೆ ಐದಕ್ಕೆ ಶುರುಮಾಡಿದ್ದು, ಊಟ ಮಾಡಿ, ಪಾತ್ರೆ ತೊಳೆದು, ತುಂಗಾ ಸೇತುವೆಯವರೆಗೆ ನಡೆದು ಬಂದರೂ ಇನ್ನೂ ಪೊಟ್ಟಣ ಬಿಚ್ಚುತ್ತಿತ್ತು. ಮೊದಲ ಪ್ರಯೋಗ: 0x01020304 ಎಂಬ ಸಂಖ್ಯೆಯ ಬೈಟ್‌ಗಳನ್ನು ಒಂದೊಂದಾಗಿ ಮುದ್ರಿಸುವ ನಾಲ್ಕು ಸಾಲಿನ ಸಿ ಪ್ರೋಗ್ರಾಂ. ಲ್ಯಾಪ್‌ಟಾಪ್‌ನಲ್ಲಿ 4 3 2 1 ಎಂದು ಬರುತ್ತದೆ, ಇದರೊಳಗೆ 1 2 3 4. ಬೈಟ್‌ಗಳನ್ನು ಮೆಮೊರಿಯಲ್ಲಿ ಜೋಡಿಸುವ ಕ್ರಮವೇ ತಿರುಗುಮುರುಗು. ಪುಸ್ತಕದಲ್ಲಿ ಎರಡು ಅಂಕದ ಪ್ರಶ್ನೆಯಾಗಿ ಓದಿದ್ದು ಕಣ್ಣೆದುರು ಬಂದಾಗ ಕೋಣೆಯ ಗೆಳೆಯನನ್ನು ಎಬ್ಬಿಸಿ ತೋರಿಸಿದೆ. ಅವನು ಬೈದು ಮಲಗಿದ.

ಹಿನ್ನೀರು_ಅಟ್ಟ | ಮುಂದಿನ ಬುಧವಾರ, ಬೆಳಿಗ್ಗೆ 10:20

ವರದಿ ಒಪ್ಪಿಸುತ್ತಿದ್ದೇನೆ. ಪೊಟ್ಟಣಗಳ ಪಟ್ಟಿಯನ್ನು ದಿನಕ್ಕೊಮ್ಮೆಗೆ ಇಳಿಸಿದೆ. ಉಳಿದ ಸರಪಳಿಯನ್ನು ಕಿತ್ತು, ಕರ್ನಲ್ ತನ್ನ ಅಂಕಿಗಳನ್ನು ತೋರಿಸುವ /ಪ್ರಾಕ್ ಕಡತಗಳನ್ನು ನೇರ ಓದುವ ಒಂದೇ ಚಿಕ್ಕ ಪ್ರೋಗ್ರಾಂ ಬರೆದೆ. ಕ್ರಾನ್ ಬದಲು ಸಿಸ್ಟಂಡಿ ಟೈಮರ್, ಪ್ರತಿ ಗೆಸ್ಟ್‌ಗೂ ಬೇರೆ ಬೇರೆ ವಿಳಂಬ ಸಿಗುವಂತೆ. ಝಡ್/ವಿಎಂ ತಂಡದವರು ಡೇಟಾಬೇಸ್ ಗೆಸ್ಟ್‌ನ ಷೇರ್ 400 ಮಾಡಿದರು, ಎಂಟು ಗೆಸ್ಟ್‌ಗಳಲ್ಲಿ ಪ್ರಯೋಗಕ್ಕೆಂದು ಆಪಲ್‌ಡೇಟಾ ಹಾಕಿಕೊಟ್ಟರು. ಮೆಮೊರಿ 12ರಿಂದ 8ಕ್ಕೆ ವಾಪಸು, ಕೆಲವಕ್ಕೆ 6. ಬೆಳಗಿನ ನಿಧಾನ ಹೋಗಿದೆ. ಈ ದಿನ 10:00ಕ್ಕೆ ಎಸ್‌ಟಿ ಅಂಕಣ: 1, 0, 2, 1.

ಈಗ ಪ್ರತಿ ಸೋಮವಾರ ಎರಡೂ ತಂಡಗಳು ಕೂಡಿ ಅರ್ಧ ಗಂಟೆ ಎರಡು ಪರದೆಗಳನ್ನು ಅಕ್ಕಪಕ್ಕ ಇಟ್ಟು ನೋಡುತ್ತೇವೆ. ಮೊದಲ ಸೋಮವಾರವೇ ಒಂದು ಕಂಡಿತು: ರಾತ್ರಿ ಸರಿಯಾಗಿ 12ಕ್ಕೆ ಇನ್ನೊಂದು ಸಣ್ಣ ಗುಡ್ಡ ಏಳುತ್ತದೆ, ಎಂಟು ಸೆಕೆಂಡಿನದು.

ಹಳೇ_ಟೇಪು | ಬುಧವಾರ, ಬೆಳಿಗ್ಗೆ 10:34

ಲಾಗ್‌ರೊಟೇಟ್, ಹಳೇ ಲಾಗ್ ಕಡತ ಎತ್ತಿಡುವ ಕೆಲಸ. 48ರಲ್ಲೂ ಮಧ್ಯರಾತ್ರಿಗೇ ಇಟ್ಟಿರುತ್ತೀರಿ.

ಹಿನ್ನೀರು_ಅಟ್ಟ | ಬುಧವಾರ, ಬೆಳಿಗ್ಗೆ 10:51

ನೋಡಿದೆ. ಇಟ್ಟಿದ್ದೇನೆ.